ತಂತ್ರಾಂಶಗಳಲ್ಲಿ ಭಾಷೆಯೂ ಪ್ರಾದೇಶಿಕ ರೂಢಿಯೂ: ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಇತಿಹಾಸದ ಬೆಳಕಿನಲ್ಲಿ ಒಂದು ವಿಮರ್ಶೆ

ಗಣಕಯಂತ್ರವನ್ನಾಗಲಿ ಮೊಬೈಲನ್ನಾಗಲಿ ಹೊಸದಾಗಿ ತೆರೆದವರಿಗೆ ಅದು ಕೇಳುವ ಮೊದಲನೆಯ ಪ್ರಶ್ನೆ, ಯಾವ ಭಾಷೆ ಬೇಕೆಂಬುದು. ಪ್ರಶ್ನೆಯು ಒಂದೇ, ಆದರೆ ಅದಕ್ಕೆ ಕೊಟ್ಟ ಉತ್ತರದಿಂದ ಹಲವು ಸಂಗತಿಗಳು ಒಮ್ಮೆಲೇ ನಿರ್ಣಯವಾಗಿಬಿಡುತ್ತವೆ. ಪರದೆಯ ಮೇಲಿನ ಮಾತುಗಳು ಯಾವ ಭಾಷೆಯಲ್ಲಿ ಕಾಣಬೇಕೆಂಬುದು ಅವುಗಳಲ್ಲಿ ಒಂದು ಮಾತ್ರ. ದಿನಾಂಕದಲ್ಲಿ ದಿನವು ಮೊದಲೋ ತಿಂಗಳು ಮೊದಲೋ, ದೊಡ್ಡ ಸಂಖ್ಯೆಯನ್ನು ಲಕ್ಷ-ಕೋಟಿಗಳಲ್ಲಿ ಬಿಡಿಸಬೇಕೋ ಮಿಲಿಯನ್ನುಗಳಲ್ಲಿ ಬಿಡಿಸಬೇಕೋ, ಹಣದ ಚಿಹ್ನೆ ಯಾವುದು, ಅಚ್ಚು ಹಾಕುವ ಕಾಗದದ ಅಳತೆ ಯಾವುದು, ಅಂಕಿಗಳ ರೂಪ ಯಾವುದು, ವಾರವು ಯಾವ ದಿನದಿಂದ ಆರಂಭ, ಇವೆಲ್ಲವೂ ಆ ಒಂದು ಉತ್ತರದ ಬೆನ್ನು ಹತ್ತಿ ಬರುತ್ತವೆ. ಮೊದಲನೆಯದನ್ನು ಪ್ರದರ್ಶನ ಭಾಷೆಯೆಂದೂ, ಉಳಿದುವನ್ನು ಒಟ್ಟಾಗಿ ಪ್ರಾದೇಶಿಕ ರೂಢಿಯೆಂದೂ ನಾವು ಇಲ್ಲಿ ಕರೆಯುತ್ತೇವೆ. ಇವೆರಡನ್ನೂ ಕೂಡಿಸಿ ಕಟ್ಟಿದ ಗಂಟಿಗೆ ತಂತ್ರಜ್ಞರು ಲೊಕೇಲ್ ಎಂದು ಹೆಸರಿಟ್ಟಿದ್ದಾರೆ. ಈ ಗಂಟು ಎಷ್ಟರ ಮಟ್ಟಿಗೆ ಸಮಂಜಸವೆಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಇದು ಯಂತ್ರಶಾಸ್ತ್ರದವರ ವಿಷಯ, ಇತಿಹಾಸದ ಅಧ್ಯಾಪಕರಿಗೆ ಇದರಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಭಾಷೆಯನ್ನು ಹೇಳಿದರೆ ಪ್ರದೇಶವೂ, ಪ್ರದೇಶವನ್ನು ಹೇಳಿದರೆ ಕಾಲಗಣನೆ, ನಾಣ್ಯ, ಅಳತೆಗಳೂ ತಾವಾಗಿಯೇ ಸಿದ್ಧಿಸುತ್ತವೆ ಎಂಬುದು ಈ ಗಂಟಿನ ಹಿಂದೆ ಅಡಗಿರುವ ಸಿದ್ಧಾಂತ. ಇದು ಇತಿಹಾಸದ ಬಗೆಗಿನ ಒಂದು ಹೇಳಿಕೆಯೇ ಆಗಿದೆ. ಹೇಳಿಕೆಯು ಇತಿಹಾಸದ್ದಾದಾಗ ಅದರ ಸತ್ಯಾಸತ್ಯತೆಯನ್ನು ಪರೀಕ್ಷಿಸುವ ಹಕ್ಕು ನಮಗೂ ಉಂಟು. ಪರೀಕ್ಷೆಗೆ ದೂರ ಹೋಗಬೇಕಾಗಿಲ್ಲ. ಇಂದಿನ ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯೇ ಸಾಕು.

ಗಜೇಂದ್ರಗಡದ ಸಮೀಪದ ಸೂಡಿಯು ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಿಗೆ ಪ್ರಸಿದ್ಧವಾದ ಸ್ಥಳ. ಕಿಸುಕಾಡು 70ನ್ನು ಆಳಿದ ಅಕ್ಕಾದೇವಿಯ ಹೆಸರು ಈ ಊರಿನೊಡನೆ ಸೇರಿಕೊಂಡಿದೆ. ಆ ಕಾಲದ ಕನ್ನಡ ಶಾಸನಗಳು ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನು ಕ್ರಮವಾಗಿ ಹೇಳುತ್ತವೆ. 1076ರಲ್ಲಿ ಆರನೆಯ ವಿಕ್ರಮಾದಿತ್ಯನು ಪಟ್ಟಕ್ಕೆ ಬಂದು ಚಾಲುಕ್ಯ ವಿಕ್ರಮ ವರ್ಷವೆಂಬ ಹೊಸ ಗಣನೆಯನ್ನು ಆರಂಭಿಸಿದನು. ಅಂದಿನಿಂದ ಶಾಸನಗಳ ಭಾಷೆಯಲ್ಲಿ ಏನಾದರೂ ವ್ಯತ್ಯಾಸವಾಯಿತೆ? ಇಲ್ಲ. ಅದೇ ಕನ್ನಡ, ಅದೇ ಲಿಪಿ, ಅದೇ ಸಂವತ್ಸರ-ತಿಥಿಗಳ ಸರಣಿ. ಬದಲಾದುದು ವರ್ಷದ ಅಂಕಿಯೊಂದೇ. ಅನಂತರ ಬಂದ ಕಳಚೂರಿಗಳೂ ಸೇವುಣರೂ ತಮ್ಮ ತಮ್ಮ ರಾಜ್ಯವರ್ಷಗಳನ್ನು ಹಾಕಿಸಿದರು. ಆಗಲೂ ಕಲ್ಲಿನ ಮೇಲೆ ಬರೆದುದು ಕನ್ನಡವನ್ನೇ. ಮೂರು ಅರಸುಮನೆತನಗಳು, ಮೂರು ಬಗೆಯ ವರ್ಷಗಣನೆ, ಭಾಷೆ ಮಾತ್ರ ಒಂದು. ಈ ಪ್ರದೇಶದ ದಾಖಲೆಗಳನ್ನು ಓದುವವರಿಗೆ ಇದು ನಿತ್ಯದ ಅನುಭವ.

ಇದರ ವಿರುದ್ಧ ದಿಕ್ಕಿನ ಸಾಕ್ಷ್ಯವು ಇನ್ನೂ ಸ್ವಾರಸ್ಯವುಳ್ಳದ್ದು. ಮರಾಠರ ಕಾಲದಲ್ಲಿ ನರಗುಂದವು ಭಾವೆ ಮನೆತನದ ಸಂಸ್ಥಾನವಾಗಿದ್ದಿತು. ಗಜೇಂದ್ರಗಡವು ಘೋರ್ಪಡೆಯವರ ಕೈಯಲ್ಲಿದ್ದಿತು. ಮನೆಯಲ್ಲಿಯೂ ಸಂತೆಯಲ್ಲಿಯೂ ಜನರಾಡುವ ಮಾತು ಕನ್ನಡ. ಕಚೇರಿಯ ಭಾಷೆ ಮರಾಠಿ, ಅದರ ಲಿಪಿ ಮೋಡಿ. ಮರಾಠರ ಕಾಲದ ಮೋಡಿ ಪತ್ರಗಳಲ್ಲಿಯ ಕಾಲನಿರ್ದೇಶವನ್ನು ಗಮನಿಸಿರಿ. ವರ್ಷವು ಶುಹೂರ್ ಸನ್ನಿನದು. ಅದನ್ನು ಬರೆಯುತ್ತಿದ್ದುದು ಅರಬೀ ಸಂಖ್ಯಾವಾಚಕಗಳಲ್ಲಿ. ದಿನವನ್ನು ಅನೇಕ ವೇಳೆ ಹಿಜರಿ ತಿಂಗಳಿನ ಚಂದ್ರದಿಂದ ಎಣಿಸುತ್ತಿದ್ದರು. ಕೆಲವೆಡೆ ಶಾಲಿವಾಹನ ಶಕವೂ ಸಂವತ್ಸರದ ಹೆಸರೂ ಸೇರುತ್ತಿದ್ದುವು. ಹೀಗೆ ಕನ್ನಡಿಗನೊಬ್ಬನ ಹೊಲದ ಬಗೆಗೆ ಮರಾಠಿಯಲ್ಲಿ ಬರೆದ ಕಾಗದಕ್ಕೆ ಅರಬೀ ಮಾತಿನ ವರ್ಷ, ಹಿಜರಿಯ ತಿಂಗಳು, ಸಂಸ್ಕೃತದ ಸಂವತ್ಸರ. ಇಂದಿನ ತಂತ್ರಾಂಶದ ಮುಂದೆ ಈ ಕಾಗದವನ್ನಿಟ್ಟು ಇದರ ಲೊಕೇಲ್ ಯಾವುದೆಂದು ಕೇಳಿದರೆ ಅದಕ್ಕೆ ಉತ್ತರ ಹೊಳೆಯಲಾರದು.

ಶುಹೂರ್ ಸನ್ನಿನಲ್ಲಿ ಇನ್ನೊಂದು ವಿಶೇಷವಿದೆ. ಹೆಸರು ಅರಬೀ ಮೂಲದ್ದಾದರೂ ಅದು ಹಿಜರಿಯಂತೆ ಚಾಂದ್ರವರ್ಷವಲ್ಲ. ಸೂರ್ಯನು ಮೃಗಶಿರಾ ನಕ್ಷತ್ರವನ್ನು ಪ್ರವೇಶಿಸಿದಂದು, ಎಂದರೆ ಜೂನ್ ತಿಂಗಳ ಮೊದಲ ವಾರದ ಸುಮಾರಿಗೆ, ಅದರ ಹೊಸವರ್ಷ. ಆದುದರಿಂದಲೇ ಅದಕ್ಕೆ ಮೃಗಸಾಲು ಎಂಬ ಹೆಸರೂ ಬಂದಿತು. ನಮ್ಮ ರೈತರು ಮಿರಗದ ಮಳೆಯೆಂದು ಎದುರು ನೋಡುವ ಕಾಲವೇ ಅದು. ಹೊರಗಿನ ಭಾಷೆಯ ಹೆಸರನ್ನು ಹೊದ್ದುಕೊಂಡು ಒಳಗೆ ಈ ನೆಲದ ಮಳೆಯ ಲೆಕ್ಕವನ್ನೇ ಇಟ್ಟುಕೊಂಡ ವರ್ಷವದು.

ಇದೇ ಬಗೆಯ ಇನ್ನೊಂದು ನಿದರ್ಶನವು ಈ ಸೀಮೆಯ ಯುದ್ಧಕಥೆಯಲ್ಲಿಯೇ ದೊರೆಯುತ್ತದೆ. 1785ರಲ್ಲಿ ಟೀಪು ಸುಲ್ತಾನನ ಸೈನ್ಯವು ನರಗುಂದವನ್ನು ಗೆದ್ದುಕೊಂಡಿತು. ಅದರಿಂದ ಕೆರಳಿದ ಮರಾಠರೊಡನೆ ನಡೆದ ಯುದ್ಧವು 1787ರ ಗಜೇಂದ್ರಗಡದ ಒಪ್ಪಂದದಲ್ಲಿ ಮುಗಿಯಿತು. ಒಪ್ಪಂದದ ವರ್ಷವು ನಮ್ಮ ಪಂಚಾಂಗದ ಪ್ರಕಾರ ಶಕ 1709, ಪ್ಲವಂಗ ಸಂವತ್ಸರ. ಅದೇ ದಶಕದಲ್ಲಿ ಟೀಪುವು ಮೌಲೂದಿ ಎಂಬ ತನ್ನದೇ ಆದ ಗಣನೆಯನ್ನು ಜಾರಿಗೆ ತಂದು, ಅದರ ಅಂಕಿಗಳನ್ನು ನಾಣ್ಯಗಳ ಮೇಲೆ ಬಲದಿಂದ ಎಡಕ್ಕೆ ಬರೆಯಿಸಿದನು. ತಿಂಗಳುಗಳಿಗೂ ವರ್ಷಗಳಿಗೂ ಹೊಸ ಹೆಸರುಗಳು ಬಂದುವು. ಆದರೆ ಆ ಹೆಸರುಗಳ ಹಿಂದಿನ ಚೌಕಟ್ಟನ್ನು ನೋಡಿದರೆ, ಅದು ಇಲ್ಲಿಯ ಚಾಂದ್ರ-ಸೌರ ಪಂಚಾಂಗದ 60 ಸಂವತ್ಸರಗಳ ಚಕ್ರವೇ ಆಗಿದೆ. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಸುಲ್ತಾನನು ಪ್ರದರ್ಶನ ಭಾಷೆಯನ್ನು ಬದಲಾಯಿಸಿದನು. ಪ್ರಾದೇಶಿಕ ರೂಢಿಯನ್ನು ಇದ್ದಂತೆಯೇ ಉಳಿಸಿಕೊಂಡನು. ಎರಡೂ ಬೇರೆ ಬೇರೆ ವಸ್ತುಗಳೆಂಬುದು 18ನೆಯ ಶತಮಾನದ ಆಡಳಿತಕ್ಕೆ ಗೊತ್ತಿದ್ದಿತೆಂದಾಯಿತು.

ಇತ್ತೀಚಿನ ಇತಿಹಾಸವೂ ಇದನ್ನೇ ಹೇಳುತ್ತದೆ. 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆಯು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. 1957ರ ಮಾರ್ಚ್ 22ರಂದು ರಾಷ್ಟ್ರೀಯ ಶಕ ಪಂಚಾಂಗವೂ, ಏಪ್ರಿಲ್ 1ರಂದು ದಶಮಾನ ನಾಣ್ಯವೂ ಜಾರಿಗೆ ಬಂದುವು. ಅದರ ಹಿಂದೆಯೇ ಮೆಟ್ರಿಕ್ ತೂಕ-ಅಳತೆಗಳು ಬಂದುವು. ಕೆಲವೇ ವರ್ಷಗಳಲ್ಲಿ ರಾಜ್ಯ, ನಾಣ್ಯ, ತೂಕ ಎಲ್ಲವೂ ಬದಲಾದರೂ ರೋಣದ ಸಂತೆಯಲ್ಲಿ ಮಾತು ಬದಲಾಗಲಿಲ್ಲ. ಹದಿನಾರಾಣೆಯ ರೂಪಾಯಿ ಹೋದಮೇಲೂ 25 ಪೈಸೆಗೆ ನಾಲ್ಕಾಣೆಯೆಂದೂ 50 ಪೈಸೆಗೆ ಎಂಟಾಣೆಯೆಂದೂ ಜನರು ಹೇಳುತ್ತಲೇ ಬಂದರು; 2011ರ ಜೂನ್ ಕೊನೆಗೆ ನಾಲ್ಕಾಣೆಯ ನಾಣ್ಯವೇ ಚಲಾವಣೆಯಿಂದ ಹೋದರೂ ಆ ಮಾತು ಹೋಗಿಲ್ಲ. ಭಾಷೆಯು ತನ್ನ ವೇಗದಲ್ಲಿ ನಡೆಯುತ್ತದೆ, ರೂಢಿಯು ಸರಕಾರದ ಆಜ್ಞೆಯಿಂದ ಒಂದೇ ದಿನದಲ್ಲಿ ಬದಲಾಗಬಲ್ಲದು.

ಸಂವಿಧಾನದ 343ನೆಯ ಅನುಚ್ಛೇದವನ್ನು ಇಲ್ಲಿ ನೆನೆಯದೆ ಇರಲಾಗದು. ಒಕ್ಕೂಟದ ಆಡಳಿತ ಭಾಷೆ ದೇವನಾಗರಿ ಲಿಪಿಯ ಹಿಂದಿ. ಅಂಕಿಗಳು ಮಾತ್ರ ಭಾರತೀಯ ಅಂಕಿಗಳ ಅಂತಾರಾಷ್ಟ್ರೀಯ ರೂಪದವು. 1949ರ ಸೆಪ್ಟೆಂಬರಿನಲ್ಲಿ ಸಂವಿಧಾನ ಸಭೆಯು ಬಹಳ ಚರ್ಚೆಯ ಅನಂತರ ಒಪ್ಪಿದ ಸೂತ್ರವಿದು. ಭಾಷೆ ಬೇರೆ, ಲಿಪಿ ಬೇರೆ, ಅಂಕಿ ಬೇರೆ ಎಂದು ಒಂದು ದೇಶದ ಮೂಲ ಕಾನೂನೇ ವಿಂಗಡಿಸಿ ಹೇಳಿದ ಮೇಲೆ, ಗಣಕಯಂತ್ರವು ಅವನ್ನು ಮತ್ತೆ ಕಲಸಿಬಿಡುವುದು ವಿಚಿತ್ರವಾಗಿ ಕಾಣುತ್ತದೆ.

ಇನ್ನು ತಂತ್ರಾಂಶಗಳ ಕಡೆಗೆ ತಿರುಗೋಣ. ಈ ತಪ್ಪು ಅಜ್ಞಾನದಿಂದ ಹುಟ್ಟಿದುದಲ್ಲ. 1989ರಲ್ಲಿ ಅಮೆರಿಕೆಯಲ್ಲಿ ಸಿದ್ಧವಾದ ಸಿ ಭಾಷೆಯ ಮಾನಕದಲ್ಲಿಯೇ ಲೊಕೇಲನ್ನು ಹಲವು ವರ್ಗಗಳಾಗಿ ಒಡೆಯಲಾಗಿದೆ: ಅಕಾರಾದಿ ಕ್ರಮ, ಅಕ್ಷರಗಳ ಬಗೆ, ಹಣ, ಸಂಖ್ಯೆ, ಕಾಲ. ಸಂದೇಶಗಳ ಭಾಷೆಯೆಂಬ ವರ್ಗವು ಪೋಸಿಕ್ಸ್ ಮಾನಕದಿಂದ ಬಂದಿತು. ಗ್ನೂ ವ್ಯವಸ್ಥೆಯು ಕಾಗದ, ವಿಳಾಸ, ದೂರವಾಣಿ ಮೊದಲಾದುವನ್ನು ಸೇರಿಸಿ 12 ವರ್ಗಗಳನ್ನು ಇಟ್ಟುಕೊಂಡಿದೆ. ಲಿನಕ್ಸ್ ಬಳಸುವವನು ಸಂದೇಶಗಳು ಇಂಗ್ಲಿಷಿನಲ್ಲಿ, ಹಣವು ಭಾರತದ್ದು, ಅಕಾರಾದಿಯು ಕನ್ನಡದ್ದು ಎಂದು ಬೇರೆ ಬೇರೆಯಾಗಿ ಗೊತ್ತುಮಾಡಬಹುದು. ಈ ವಿಂಗಡಣೆಯು ಶಾಸ್ತ್ರೀಯವಾದುದು. ಅದರ ಕೊರತೆ ಒಂದೇ: ಅದು ಪಂಡಿತರಿಗೆ ಮಾತ್ರ ಎಟುಕುವಂಥದು. ಕಡತದಲ್ಲಿ ಸಾಲು ಬರೆಯಬಲ್ಲವರಿಗೆ ಸ್ವಾತಂತ್ರ್ಯ, ಉಳಿದವರಿಗೆ ಗಂಟು.

ಮೈಕ್ರೋಸಾಫ್ಟಿನವರು ವಿಂಡೋಸ್‌ನಲ್ಲಿ ಬೇರೆಯ ದಾರಿ ಹಿಡಿದರು. ಅವರ ಹಳೆಯ ಪದ್ಧತಿಯಲ್ಲಿ ಪ್ರತಿಯೊಂದು ಲೊಕೇಲಿಗೂ ಒಂದು ಸಂಖ್ಯೆ. ಕನ್ನಡಕ್ಕೆ 1099. ಈ ಸಂಖ್ಯೆಯನ್ನು ಬಿಡಿಸಿದರೆ 75 ಎಂಬುದು ಕನ್ನಡ ಭಾಷೆ. ಉಳಿದ 1024 ಅದರ ಪ್ರಾದೇಶಿಕ ಶಾಖೆಯನ್ನು ಸೂಚಿಸುತ್ತದೆ. ಎರಡನ್ನೂ ಕೂಡಿಸಿ ಒಂದೇ ಅಂಕೆಯಾಗಿ ಮಾಡಿದ ಮೇಲೆ ಬೇರ್ಪಡಿಸುವ ಮಾತೆಲ್ಲಿ? ಈಗಿನ ವಿಂಡೋಸ್‌ನಲ್ಲಿ ಪ್ರದರ್ಶನ ಭಾಷೆ, ದೇಶ, ಪ್ರಾದೇಶಿಕ ಸ್ವರೂಪ ಎಂದು ಮೂರು ಆಯ್ಕೆಗಳನ್ನು ಬೇರೆ ಬೇರೆ ಇಟ್ಟಿದ್ದಾರೆ. ಇದು ಸ್ವಾಗತಾರ್ಹ. ಆದರೆ ಪ್ರಾದೇಶಿಕ ಸ್ವರೂಪದ ಪಟ್ಟಿಯನ್ನು ತೆರೆದು ನೋಡಿದರೆ ಅಲ್ಲಿಯೂ ಕನ್ನಡ (ಭಾರತ), ಇಂಗ್ಲಿಷ್ (ಭಾರತ), ಮರಾಠಿ (ಭಾರತ) ಎಂದೇ ಇದೆ! ಬಾಗಿಲಲ್ಲಿ ತಡೆದ ಭಾಷೆಯು ಕಿಟಕಿಯಿಂದ ಒಳಗೆ ಬಂದಂತಾಯಿತು. ಪರದೆಯನ್ನು ಕನ್ನಡದಲ್ಲಿಟ್ಟು ಸ್ವರೂಪವನ್ನು ಇಂಗ್ಲಿಷಿನದಾಗಿ ಬಿಟ್ಟರೆ ಕನ್ನಡ ವಾಕ್ಯಗಳ ನಡುವೆ ವಾರ-ತಿಂಗಳುಗಳ ಹೆಸರುಗಳು ಇಂಗ್ಲಿಷಿನಲ್ಲಿ ಕಾಣುತ್ತವೆ. ಜನರು ಅದನ್ನು ಕನ್ನಡದ ದೋಷವೆಂದು ತಿಳಿದು ಕನ್ನಡವನ್ನೇ ತೆಗೆದುಹಾಕುತ್ತಾರೆ.

ಇದರಿಂದ ಆಗುವ ಹಾನಿಯೇನು? ನಮ್ಮ ವಿದ್ಯಾರ್ಥಿಗಳ ಕೆಲಸದಿಂದಲೇ ಹೇಳಬಹುದು. ಕಾಲೇಜುಗಳ ಗಣಕ ಕೊಠಡಿಗಳಲ್ಲಿ ಯಂತ್ರವು ಬಂದಾಗ ಇದ್ದ ಇಂಗ್ಲಿಷ್ (ಅಮೆರಿಕ) ಎಂಬ ಆಯ್ಕೆಯನ್ನು ಯಾರೂ ಮುಟ್ಟದೆ ಬಿಟ್ಟಿರುವುದು ಸಾಮಾನ್ಯ. ಬೇಕಾದುದು ಇಂಗ್ಲಿಷ್ ಭಾಷೆ ಮಾತ್ರ. ಅದರೊಡನೆ ತಿಂಗಳನ್ನು ಮೊದಲು ಬರೆಯುವ ಅಮೆರಿಕೆಯ ರೂಢಿಯೂ, ಲೆಟರ್ ಅಳತೆಯ ಕಾಗದವೂ ಬಂದಿರುತ್ತವೆ. ಕಾಗದದ ತೊಂದರೆ ಅಚ್ಚು ಹಾಕಿದೊಡನೆ ಕಣ್ಣಿಗೆ ಬೀಳುತ್ತದೆ. ದಿನಾಂಕದ ತೊಂದರೆ ಕಣ್ಣಿಗೆ ಬೀಳುವುದಿಲ್ಲ. ಅಂಥ ಯಂತ್ರದಲ್ಲಿ ವಿದ್ಯಾರ್ಥಿಯೊಬ್ಬನು ಎಕ್ಸೆಲ್ ತೆರೆದು ಈ ಸೀಮೆಯ ಘಟನೆಗಳ ಕಾಲಾನುಕ್ರಮಣಿಕೆಯನ್ನು ಸಿದ್ಧಪಡಿಸುತ್ತಾನೆಂದು ಭಾವಿಸೋಣ. ಏಕೀಕರಣದ ದಿನವನ್ನು 1/11/1956 ಎಂದು ಬರೆಯುತ್ತಾನೆ. ಯಂತ್ರವು ಅದನ್ನು ಜನವರಿ 11 ಎಂದು ತಿಳಿದುಕೊಳ್ಳುತ್ತದೆ. ನರಗುಂದದ ರೈತ ಬಂಡಾಯದ ದಿನವನ್ನು 21/7/1980 ಎಂದು ಬರೆಯುತ್ತಾನೆ. 21ನೆಯ ತಿಂಗಳೆಂಬುದು ಇಲ್ಲವಾದುದರಿಂದ ಯಂತ್ರವು ಅದನ್ನು ದಿನಾಂಕವೆಂದೇ ಒಪ್ಪದೆ ಬರಿಯ ಅಕ್ಷರಗಳಾಗಿ ಇಟ್ಟುಕೊಳ್ಳುತ್ತದೆ. ಒಂದೇ ಅಂಕಣದಲ್ಲಿ ಕೆಲವು ಸಾಲುಗಳು ತಿರುವುಮುರುವಾದ ದಿನಾಂಕಗಳು, ಕೆಲವು ದಿನಾಂಕಗಳೇ ಅಲ್ಲ. ಎರಡು ಗುಂಪಿಗೂ ಇರುವ ಭೇದವೆಂದರೆ ಒಂದು ಬಲಕ್ಕೆ ಅಂಟಿಕೊಂಡಿರುತ್ತದೆ, ಇನ್ನೊಂದು ಎಡಕ್ಕೆ. ಎಚ್ಚರಿಕೆಯ ಮಾತು ಒಂದೂ ಬರುವುದಿಲ್ಲ.

ಆಮೇಲೆ ಯಾರಾದರೂ ತಿಳಿದವರು ಸ್ವರೂಪವನ್ನು ಭಾರತದ್ದಾಗಿ ಬದಲಾಯಿಸಿದರೆ ಸರಿಹೋಗಬಹುದೆ? ಸರಿಹೋಗದು. ಎಕ್ಸೆಲ್ ದಿನಾಂಕವನ್ನು ಅಕ್ಷರಗಳಾಗಿ ಇಡುವುದಿಲ್ಲ. 1900ರ ಜನವರಿ 1ನ್ನು 1 ಎಂದು ಹಿಡಿದು ದಿನಗಳನ್ನು ಎಣಿಸಿ ಇಡುತ್ತದೆ. 1956ರ ನವೆಂಬರ್ 1ಕ್ಕೆ ಅದರ ಲೆಕ್ಕದಲ್ಲಿ 20760 ಇರಬೇಕು. ನಮ್ಮ ವಿದ್ಯಾರ್ಥಿಯ ಕಡತದಲ್ಲಿ ಕುಳಿತಿರುವುದು 20465. 295 ದಿನಗಳ ಅಂತರ. ಸ್ವರೂಪವನ್ನು ಬದಲಾಯಿಸಿದಾಗ ಆ ತಪ್ಪು ದಿನವೇ 11/1/1956 ಎಂದು ಭಾರತೀಯ ಉಡುಪಿನಲ್ಲಿ ಕಾಣಿಸಿಕೊಳ್ಳುತ್ತದೆ. (ಈ ಎಣಿಕೆಯಲ್ಲಿ 1900ನೆಯ ವರ್ಷವನ್ನು ಅಧಿಕವರ್ಷವೆಂದು ಹಿಡಿದ ಇನ್ನೊಂದು ದೋಷವೂ ಸೇರಿದೆ, ಲೋಟಸ್ ಎಂಬ ಹಳೆಯ ತಂತ್ರಾಂಶದೊಡನೆ ಹೊಂದಿಕೆಗಾಗಿ ಅದನ್ನು ತಿಳಿದೇ ಉಳಿಸಿಕೊಂಡಿದ್ದಾರೆ. ಪಂಚಾಂಗದವರು ಇಂಥ ತಪ್ಪು ಮಾಡಿದ್ದರೆ ಅವರನ್ನು ಯಾರೂ ಕ್ಷಮಿಸುತ್ತಿರಲಿಲ್ಲ.) 1900ಕ್ಕಿಂತ ಹಿಂದಿನದನ್ನು ಎಕ್ಸೆಲ್ ದಿನಾಂಕವೆಂದು ಗಣಿಸುವುದೇ ಇಲ್ಲವಾದುದರಿಂದ, ನರಗುಂದದ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದ 12/6/1858 ಹೇಗೋ ಬರೆದಂತೆಯೇ ಉಳಿಯುತ್ತದೆ. ಲಿಬ್ರೆಆಫೀಸಿನ ಕ್ಯಾಲ್ಕ್ ಹಳೆಯ ಕಾಲವನ್ನೂ ಎಣಿಸಬಲ್ಲದು. ಆದರೆ ಆ ಸಾಮರ್ಥ್ಯವೇ ಇಲ್ಲಿ ಮುಳುವಾಗಿ, ಅಮೆರಿಕೆಯ ಲೊಕೇಲಿನಲ್ಲಿ ಜೂನ್ 12 ಎಂಬುದು ಡಿಸೆಂಬರ್ 6 ಆಗುತ್ತದೆ. ಮೇ ತಿಂಗಳ ಕೊನೆಗೆ ಎದ್ದ ಬಂಡಾಯವನ್ನು ಬ್ರಿಟಿಷರು ಎರಡು ವಾರಗಳೊಳಗೆ ಎಷ್ಟು ತ್ವರೆಯಿಂದ, ಎಷ್ಟು ಕ್ರೌರ್ಯದಿಂದ ಅಡಗಿಸಿದರೆಂಬುದೇ 1858ರ ನರಗುಂದದ ಇತಿಹಾಸದ ತಿರುಳು. ಆರು ತಿಂಗಳ ವಿಚಾರಣೆಯಂತೆ ಕಾಣುವ ಕೋಷ್ಟಕವು ಆ ತಿರುಳನ್ನೇ ಸುಳ್ಳು ಮಾಡುತ್ತದೆ.

ಹಾಗೆಂದು ಲಿಬ್ರೆಆಫೀಸನ್ನು ದೂರುವುದು ನಮ್ಮ ಅಭಿಪ್ರಾಯವಲ್ಲ. ನಾವು ನೋಡಿದ ತಂತ್ರಾಂಶಗಳಲ್ಲಿ ಈ ವಿಷಯವನ್ನು ಅತ್ಯಂತ ಪ್ರಾಮಾಣಿಕವಾಗಿ ಎದುರಿಸಿರುವುದು ಅದೇ. ಅದರ ಭಾಷಾ ಆಯ್ಕೆಗಳ ಪುಟದಲ್ಲಿ ಪರದೆಯ ಭಾಷೆ ಒಂದು, ಲೊಕೇಲ್ ಒಂದು, ಹಣ ಒಂದು, ಬರೆಹದ ಭಾಷೆ ಇನ್ನೊಂದು. ಯಾವ ಮಾದರಿಯಲ್ಲಿ ಬರೆದುದನ್ನು ದಿನಾಂಕವೆಂದು ಸ್ವೀಕರಿಸಬೇಕೆಂಬುದನ್ನೂ ಬಳಸುವವನೇ ತಿದ್ದಬಹುದು. ಗುಣವೆಲ್ಲವೂ ಇದೆ, ಅದನ್ನು ತೆರೆದು ನೋಡುವವರು ಮಾತ್ರ ಕಡಿಮೆ. ಫೈರ್‌ಫಾಕ್ಸ್ ಬ್ರೌಸರಿನವರು ಇನ್ನೊಂದು ಮಧ್ಯಮ ಮಾರ್ಗವನ್ನು ಹಿಡಿದಿದ್ದಾರೆ. ಬ್ರೌಸರಿನ ಭಾಷೆಯೂ ಯಂತ್ರದ ಪ್ರಾದೇಶಿಕ ಸ್ವರೂಪದ ಭಾಷೆಯೂ ಒಂದೇ ಆಗಿದ್ದರೆ ಯಂತ್ರದ ರೂಢಿಯನ್ನು ಅನುಸರಿಸುತ್ತಾರೆ. ಬೇರೆಯಾದರೆ ತಾವಾಗಿ ಅನುಸರಿಸುವುದಿಲ್ಲ, ಬಳಸುವವನು ಗುರುತು ಹಾಕಿ ಒಪ್ಪಿಗೆ ಕೊಡಬೇಕು. ಮೊಬೈಲುಗಳಲ್ಲಿ ಆಂಡ್ರಾಯ್ಡ್ 2023ರ ತನ್ನ 14ನೆಯ ಆವೃತ್ತಿಯಲ್ಲಿ ಉಷ್ಣತೆಯ ಮಾನ, ವಾರದ ಮೊದಲ ದಿನ ಮುಂತಾದುವನ್ನು ಭಾಷೆಯಿಂದ ಬಿಡಿಸಿ ಪ್ರತ್ಯೇಕವಾಗಿ ಇಟ್ಟಿತು. ನಮ್ಮ ಎರೆಭೂಮಿಯ ಬಿಸಿಲಿನಲ್ಲಿ ಫ್ಯಾರನ್‌ಹೀಟನ್ನು ಕೇಳುವವರಿಲ್ಲವಾದುದರಿಂದ ಅದರ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ.

ಗಂಟನ್ನು ಸಮರ್ಥಿಸುವವರ ಪಕ್ಷದಲ್ಲಿಯೂ ಹುರುಳಿದೆ. ದಿನಾಂಕವೆಂಬುದು ಬರಿಯ ಅಂಕಿಗಳ ಸಾಲಲ್ಲ. ಅದರಲ್ಲಿ ವಾರದ ಹೆಸರು, ತಿಂಗಳ ಹೆಸರು ಇವೆ. ಅವು ಭಾಷೆಗೆ ಸೇರಿದುವು. ಕನ್ನಡದಲ್ಲಂತೂ ಅಂಕಿಗೂ ಪ್ರತ್ಯಯ ಹತ್ತುತ್ತದೆ: 12ರಂದು, 12ರಿಂದ, 12ನೆಯ ತಾರೀಖು. ರೂಢಿಯನ್ನು ಪೂರ್ಣವಾಗಿ ಭಾಷೆಯಿಂದ ಕಿತ್ತರೆ ವಾಕ್ಯವು ಕುಂಟುತ್ತದೆ. ಅಕಾರಾದಿ ಕ್ರಮವೂ ಭಾಷೆಯದೇ. ಕನ್ನಡ ಹೆಸರುಗಳ ಪಟ್ಟಿಯನ್ನು ಇಂಗ್ಲಿಷಿನ ಕ್ರಮದಲ್ಲಿ ಜೋಡಿಸಲಾಗದು. ಆದುದರಿಂದ ಎಲ್ಲಿ ಕತ್ತರಿಸಬೇಕೆಂಬುದು ನಿಜವಾದ ಪ್ರಶ್ನೆ. ನಮ್ಮ ಅಭಿಪ್ರಾಯದಲ್ಲಿ ಹೆಸರುಗಳು, ಪ್ರತ್ಯಯಗಳು, ಅಕಾರಾದಿ ಇವು ಭಾಷೆಯೊಡನೆ ಇರಬೇಕು. ದಿನ-ತಿಂಗಳುಗಳ ಅನುಕ್ರಮ, ಲಕ್ಷ-ಕೋಟಿಗಳ ವಿಭಾಗ, ಹಣ, ಕಾಗದ, ಅಳತೆ ಇವು ಪ್ರದೇಶದೊಡನೆ ಹೋಗಬೇಕು. 12,34,567 ಎಂದು ಅಲ್ಪವಿರಾಮ ಹಾಕುವುದು ಕನ್ನಡದ ಲಕ್ಷಣವಲ್ಲ. ಗಜೇಂದ್ರಗಡದ ಪೇಟೆಯಲ್ಲಿ ಕನ್ನಡದವರೂ ಉರ್ದುವಿನವರೂ ಮರಾಠಿಯವರೂ ಮಾರವಾಡಿಗಳೂ ಹಾಗೆಯೇ ಹಾಕುತ್ತಾರೆ. ಇಂಗ್ಲಿಷಿನಲ್ಲಿ ಬಿಲ್ಲು ಬರೆದರೂ ಹಾಗೆಯೇ. ಅದು ಭಾರತದ ನೆಲಕ್ಕೆ ಸೇರಿದ ರೂಢಿ.

ಈ ಬಗೆಯ ವಿಂಗಡಣೆಗೆ ಬೇಕಾದ ಸಾಧನವೂ ಸಿದ್ಧವಾಗಿಯೇ ಇದೆ. ಯೂನಿಕೋಡ್ ಸಂಸ್ಥೆಯವರ ಸಿಎಲ್‌ಡಿಆರ್ ಎಂಬ ಲೊಕೇಲ್ ಭಂಡಾರದ ನಿಯಮಗಳಲ್ಲಿ ಭಾಷೆಯ ಸಂಕೇತದ ಬಾಲಕ್ಕೆ ಉಪಸಂಕೇತಗಳನ್ನು ಸೇರಿಸಬಹುದು: ಅಂಕಿಗಳಿಗೆ ಒಂದು, ಪಂಚಾಂಗಕ್ಕೆ ಒಂದು, ಗಂಟೆಯ ಎಣಿಕೆಗೆ ಒಂದು, ಪ್ರದೇಶವನ್ನು ಬದಲಿಸಲು ಆರ್‌ಜಿ ಎಂಬ ಇನ್ನೊಂದು. ಆ ಭಂಡಾರದಲ್ಲಿ ಕನ್ನಡಕ್ಕಿರುವ ಪ್ರಾದೇಶಿಕ ಶಾಖೆ ಭಾರತವೊಂದೇ. ಆದರೂ ಆರ್‌ಜಿಯ ಬಲದಿಂದ, ಅಮೆರಿಕೆಯಲ್ಲಿ ನೆಲೆಸಿದ ಕನ್ನಡ ಕುಟುಂಬವೊಂದು ಮಾತನ್ನು ಕನ್ನಡದಲ್ಲಿ ಇಟ್ಟುಕೊಂಡೇ ಆ ದೇಶದ ರೂಢಿಯನ್ನು ಪಡೆಯಬಹುದು. ಅಂಕಿಗಳ ವಿಷಯದಲ್ಲಿ ಈ ಭಂಡಾರವು ನಮ್ಮ ಸಂವಿಧಾನದಂತೆಯೇ ವರ್ತಿಸುತ್ತದೆ: ಕನ್ನಡಕ್ಕೆ ಸಹಜವಾಗಿ ಅಂತಾರಾಷ್ಟ್ರೀಯ ಅಂಕಿಗಳು, ಬೇಕೆಂದವರಿಗೆ ಕನ್ನಡ ಅಂಕಿಗಳು. ಕನ್ನಡ ಅಂಕಿಗಳ ಅಭಿಮಾನಿಗಳಿಗೆ ಇದು ಒಪ್ಪಿಗೆಯಾಗದಿರಬಹುದು. ಆದರೆ ಅಭಿಮಾನಿಯು ಕೇಳಬೇಕಾದುದು ಅಂಕಿಗಳ ಆಯ್ಕೆಯು ಭಾಷೆಯ ಆಯ್ಕೆಯ ಪಕ್ಕದಲ್ಲಿಯೇ, ಬರಿಗಣ್ಣಿಗೆ ಕಾಣುವಂತೆ ಇರಬೇಕೆಂಬುದನ್ನು. ಸಾಧನವಿದ್ದೂ ಗುಂಡಿಯಿಲ್ಲದಿದ್ದರೆ ರೋಣದ ವಿದ್ಯಾರ್ಥಿಗೆ ಅದು ಇಲ್ಲದಂತೆಯೇ.

ಪಂಚಾಂಗದ ವಿಷಯವು ಇವೆರಡು ಗುಂಪಿಗೂ ಸೇರದೆ ಉಳಿಯುತ್ತದೆ. ಅದು ಭಾಷೆಯದೂ ಅಲ್ಲ, ಪ್ರದೇಶದ್ದೂ ಅಲ್ಲ. ಸಮುದಾಯದ್ದು, ಕೆಲವು ಸಲ ಕಸುಬಿನದು. ನಮ್ಮ ಸೀಮೆಯಲ್ಲಿ ಚಾಂದ್ರಮಾನ ಯುಗಾದಿ. ಕಾಸರಗೋಡಿನಲ್ಲಿಯೂ ದಕ್ಷಿಣ ಕನ್ನಡದಲ್ಲಿಯೂ ಕನ್ನಡವನ್ನೇ ಓದುವ ಮನೆಗಳಲ್ಲಿ ಸೌರಮಾನವು ರೂಢಿಯಲ್ಲಿದೆ; ಅಲ್ಲಿಯ ಹೊಸವರ್ಷ ಏಪ್ರಿಲ್ ನಡುವಿನ ವಿಷು. ಅತ್ತ ಅಮಾಂತ ಚಾಂದ್ರಮಾನವು ಕನ್ನಡದ್ದು ಮಾತ್ರವಲ್ಲ, ಮರಾಠಿ ತೆಲುಗುಗಳದೂ ಹೌದು. ಆದುದರಿಂದ ಯಾವುದೇ ಒಂದು ಗಣನೆಗೆ ಕನ್ನಡ ಪಂಚಾಂಗವೆಂದು ಭಾಷೆಯ ಹೆಸರನ್ನಿಡುವುದು ಬಿಚ್ಚಿದ ಗಂಟನ್ನು ಮತ್ತೆ ಹಾಕಿದಂತೆ. ಸಿಎಲ್‌ಡಿಆರ್‌ನಲ್ಲಿ ಭಾರತೀಯವೆಂದು ಕರೆದಿರುವ ಗಣನೆಯು 1957ರ ರಾಷ್ಟ್ರೀಯ ಶಕ ಪಂಚಾಂಗ. ಅದರ ಚೈತ್ರ 1 ಮಾರ್ಚ್ 22ಕ್ಕೆ, ಅಧಿಕವರ್ಷದಲ್ಲಿ 21ಕ್ಕೆ, ಬರುತ್ತದೆ. ಯುಗಾದಿಯ ದಿನವನ್ನು ಅದರಿಂದ ತಿಳಿಯಲಾಗದು. ಅಚ್ಚಿನ ಕ್ಯಾಲೆಂಡರುಗಳು ಈ ವಿಷಯದಲ್ಲಿ ಗಣಕಯಂತ್ರಗಳಿಗಿಂತ ಮುಂದಿವೆ. 1973ರಲ್ಲಿ ಆರಂಭವಾದ ಕಾಲನಿರ್ಣಯವನ್ನು ಕನ್ನಡದಲ್ಲಿ ಕೊಂಡರೂ ಇಂಗ್ಲಿಷಿನಲ್ಲಿ ಕೊಂಡರೂ ತಿಥಿ-ನಕ್ಷತ್ರಗಳು ತಪ್ಪುವುದಿಲ್ಲ. ಓದುವ ಭಾಷೆ ಬೇರೆಯಾದವನಿಗೆ ಏಕಾದಶಿಯ ದಿನವೂ ಬೇರೆಯಾಗಬೇಕೆಂದು ಮುದ್ರಕರು ಎಂದೂ ಭಾವಿಸಲಿಲ್ಲ. ಇನ್ನು ನಮ್ಮ ಹಿಂಗಾರಿ ರೈತನು ಉತ್ತರಿ, ಹಸ್ತಿ, ಚಿತ್ತಿ ಮಳೆಗಳಿಂದ ಬಿತ್ತನೆಯನ್ನು ಎಣಿಸುತ್ತಾನೆ. ಅವು ಸೂರ್ಯನ ನಕ್ಷತ್ರಗಳು, ಒಂದೊಂದಕ್ಕೆ 13 ಅಥವಾ 14 ದಿನ. ಮನೆಯ ಹಬ್ಬಕ್ಕೆ ಚಾಂದ್ರಮಾನ, ಹೊಲಕ್ಕೆ ಸೌರ ನಕ್ಷತ್ರ, ಬ್ಯಾಂಕಿಗೆ ಏಪ್ರಿಲಿನಿಂದ ಮಾರ್ಚಿನವರೆಗಿನ ವರ್ಷ; ಒಬ್ಬನೇ ಮನುಷ್ಯನಲ್ಲಿ ಮೂರು ರೂಢಿ, ಭಾಷೆಯೊಂದೇ.

ತಂತ್ರಾಂಶಗಳು ತಿದ್ದಿಕೊಳ್ಳುವವರೆಗೆ ನಮ್ಮ ವಿದ್ಯಾರ್ಥಿಗಳು ಕಾಯುವಂತಿಲ್ಲ. ದಾಖಲೆಗಳನ್ನು ಕೋಷ್ಟಕಕ್ಕೆ ಇಳಿಸುವಾಗ ದಿನ, ತಿಂಗಳು, ವರ್ಷಗಳಿಗೆ ಮೂರು ಪ್ರತ್ಯೇಕ ಅಂಕಣಗಳನ್ನು ಇಡುವುದು ಲೇಸು. ಒಂದೇ ಅಂಕಣ ಬೇಕಾದರೆ ಅದನ್ನು ಮೊದಲೇ ಅಕ್ಷರರೂಪವೆಂದು ಗೊತ್ತುಮಾಡಿ 1858-06-12 ಎಂಬಂತೆ ವರ್ಷ-ತಿಂಗಳು-ದಿನದ ಕ್ರಮದಲ್ಲಿ ಬರೆಯಬೇಕು. ಹೀಗೆ ಬರೆದರೆ ಯಾವ ಲೊಕೇಲಿನಲ್ಲಿಯೂ ತಿಂಗಳು ದಿನವಾಗುವ ಭಯವಿಲ್ಲ. ಇದಲ್ಲದೆ ಮೂಲದಲ್ಲಿ ಇದ್ದ ಕಾಲನಿರ್ದೇಶವನ್ನು ಇದ್ದಂತೆಯೇ ಇಳಿಸಿಕೊಳ್ಳಲು ಮತ್ತೊಂದು ಅಂಕಣ ಅವಶ್ಯ. ಚಾಲುಕ್ಯ ವಿಕ್ರಮ ವರ್ಷವಿದ್ದರೆ ಅದನ್ನು, ಶುಹೂರ್ ಸನ್ನಿದ್ದರೆ ಅದರ ಅರಬೀ ಪದಗಳನ್ನು, ಮೃಗಸಾಲು ಎಂದಿದ್ದರೆ ಮೃಗಸಾಲು ಎಂದೇ ಬರೆಯಬೇಕು. ಕ್ರಿಸ್ತಶಕದ ಲೆಕ್ಕವು ಅದರ ಪಕ್ಕದ ಅಂಕಣಕ್ಕೆ ಸೇರಿದುದು.